ಶೋನ್‌ಗೌವರ್ ಕೊರೆದ ಸಂತ ಆಂಟನಿ: ಒಂದು ಮುದ್ರಿತ ಪ್ರತಿಯ ವಿಮರ್ಶೆ

ಜರ್ಮನ್ ಕಲಾವಿದ ಮಾರ್ಟಿನ್ ಶೋನ್‌ಗೌವರ್ ಸುಮಾರು 1470–75ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದ ‘ಸಂತ ಆಂಟನಿಯ ಪರೀಕ್ಷೆ’ಯ ಮುದ್ರಿತ ಪ್ರತಿಯನ್ನು ಆನ್‌ಲೈನ್ ಮಳಿಗೆಯೊಂದರಿಂದ ತರಿಸಿಕೊಂಡೆ. ಈಜಿಪ್ಟಿನ ಮರುಭೂಮಿಯ ಈ ಕ್ರೈಸ್ತ ತಪಸ್ವಿಯನ್ನು ದೆವ್ವಗಳು ಆಕಾಶಕ್ಕೆತ್ತಿ, ಕೂದಲು, ಬಟ್ಟೆ, ತೋಳುಗಳನ್ನು ಹಿಡಿದು ಎಳೆದಾಡುತ್ತಿದ್ದರೂ ಆತನ ಮುಖ ಕದಡಿಲ್ಲ. ಕತ್ತಿಯಿಲ್ಲದ ವೀರನ ಗೆಲುವನ್ನು ಕಲಾವಿದ ಆ ನಿಶ್ಚಲತೆಯಲ್ಲಿಯೇ ಇರಿಸಿದ್ದಾನೆಂದು ನನಗನ್ನಿಸುತ್ತದೆ. ದೆವ್ವಗಳ ಮೈಮೇಲಿನ, ಮೀನಿನಂಥ ಹುರುಪೆ, ಮುಳ್ಳು, ರೆಕ್ಕೆಗಳಿಗೆ ಬಳಸಿದ ಬೇರೆಬೇರೆ ಬಗೆಯ ಗೆರೆಗಳು ಈ ಪ್ರತಿಯಲ್ಲಿ ಸ್ಪಷ್ಟವಾಗಿ ಮೂಡಿವೆ. ಮುಂದೆ ಇಟಲಿಯ ಹೆಸರಾಂತ ಶಿಲ್ಪಿ, ಚಿತ್ರಕಾರನಾದ ಮೈಕೆಲಾಂಜೆಲೊ ಬಾಲಕನಾಗಿದ್ದಾಗ ಇದನ್ನು ನಕಲು ಮಾಡುವಾಗ ಮಾರುಕಟ್ಟೆಗೆ ಹೋಗಿ ಮೀನುಗಳನ್ನು ಗಮನಿಸಿದನೆಂದು ಅವನ ಜೀವನಚರಿತ್ರೆಕಾರರು ಬರೆದಿರುವುದು, ಈ ಹುರುಪೆಗಳನ್ನು ನೋಡಿದ ಮೇಲೆ, ನಂಬುವಂತಿದೆ. ಆದರೆ ಜೊತೆಗೆ ಬಂದ ಟಿಪ್ಪಣಿ ಇದನ್ನು ‘ಭೂತಗಳ ಚಿತ್ರ’ ಎಂದಷ್ಟೇ ಕರೆದು, 4ನೇ ಶತಮಾನದಲ್ಲಿ ಬಿಷಪ್ ಅಥನೇಸಿಯಸ್ ಬರೆದ ಆಂಟನಿಯ ಸಂತಚರಿತೆಯನ್ನು ಹೆಸರಿಸದೆ ಬಿಟ್ಟಿರುವುದು ದೊಡ್ಡ ಕೊರತೆ. ಕಾಗದ ದಪ್ಪವಾಗಿದೆ, ಮಸಿ ಗಾಢವಾಗಿದೆ. ಕೊಟ್ಟ ಬೆಲೆಗೆ ತಕ್ಕುದಾಗಿದೆ.