ಶಿರಸಿಯ ಇತಿಹಾಸ ಪ್ರಬಂಧ ತರಗತಿ: ಒಂದು ವಿಮರ್ಶೆ

ಶಿರಸಿಯಲ್ಲಿ ನಿವೃತ್ತ ಉಪನ್ಯಾಸಕರೊಬ್ಬರು ವಾರಾಂತ್ಯಗಳಲ್ಲಿ ನಡೆಸುವ ಇತಿಹಾಸ ಪ್ರಬಂಧ ತರಗತಿಗೆ ಪದವಿ ವಿದ್ಯಾರ್ಥಿಗಳೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರೂ ಸೇರುತ್ತಾರೆ. ಅದರ ಒಂದು ಅವಧಿಯನ್ನು ಪೂರ್ತಿಯಾಗಿ ಕೇಳಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇಸವಿ, ಹೆಸರು, ಯುದ್ಧಗಳನ್ನು ಬಾಯಿಪಾಠ ಮಾಡಿಸುವ ಕೇಂದ್ರಗಳಿಗೆ ಕೊರತೆಯಿಲ್ಲ. ಆದರೆ ಒಂದು ಇಸವಿಯು ಯಾವ ಮಾತನ್ನು ಸಾಬೀತುಪಡಿಸುತ್ತದೆ, ಯಾವುದನ್ನು ಸಾಬೀತುಪಡಿಸಲಾರದು ಎಂದು ಕೇಳುವವರು ವಿರಳ. ಈ ತರಗತಿಯ ಬೆಲೆ ಇರುವುದು ಆ ಪ್ರಶ್ನೆಯಲ್ಲಿ.

ಮೊದಲ ಪ್ರಬಂಧದ ವಿಷಯ ನಮ್ಮ ಜಿಲ್ಲೆಯದೇ: 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಏಕೆ ವರ್ಗಾಯಿಸಲಾಯಿತು? ಹೆಚ್ಚಿನವರು ‘ಆಡಳಿತದ ಅನುಕೂಲಕ್ಕಾಗಿ’ ಎಂದು ಬರೆದಿದ್ದರು. ಯಾರ ಅನುಕೂಲ, ಯಾವ ಅನುಕೂಲ ಎಂಬ ಪ್ರಶ್ನೆಯನ್ನು ಅಂಚಿನಲ್ಲಿ ಬರೆದು ಗುರುಗಳು ಹಾಳೆಗಳನ್ನು ಹಿಂದಿರುಗಿಸಿದರು. ಅಲ್ಲಿಂದ ಪಾಠ ನಿಜವಾಗಿ ಆರಂಭವಾಯಿತು. ಆಗಲೇ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾದಿಂದ ಹಡಗು ಹತ್ತುತ್ತಿತ್ತು; ಮುಂಬಯಿಯ ವ್ಯಾಪಾರದಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರಿತ್ತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಇಂಗ್ಲೆಂಡಿನ ಲ್ಯಾಂಕಶೈರಿನ ಬಟ್ಟೆ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ಕಡಿಮೆಯಾಯಿತು. ಮುಂದಿನ ವರ್ಷವೇ ಜಿಲ್ಲೆಯ ವರ್ಗಾವಣೆಯಾದಾಗ ಕುಂದಾಪುರ ತಾಲ್ಲೂಕು ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಇಷ್ಟನ್ನು ಸಾಲಾಗಿ ಬರೆದು ‘ಆದ್ದರಿಂದ ಹತ್ತಿಯೇ ಕಾರಣ’ ಎಂದು ಮುಗಿಸಿದವರಿಗೂ ಅವರು ಪೂರ್ಣ ಅಂಕ ಕೊಡಲಿಲ್ಲ. ಯುದ್ಧದ ಹಿಂದೆಯೇ ವರ್ಗಾವಣೆಯಾಯಿತೆಂಬುದು ಯುದ್ಧದಿಂದಲೇ ಆಯಿತೆಂಬುದಕ್ಕೆ ಪುರಾವೆಯಲ್ಲ. ಕಾರವಾರವನ್ನು ಹತ್ತಿ ಸಾಗಣೆಯ ಬಂದರಾಗಿ ಬೆಳೆಸಬೇಕೆಂಬ ಬೇಡಿಕೆ ಯುದ್ಧಕ್ಕೆ ಮೊದಲೇ ಇತ್ತೇ, ಅದನ್ನು ಇಟ್ಟವರು ಯಾರು ಎಂದು ಆ ಕಾಲದ ಪತ್ರಗಳಲ್ಲಿ ತೋರಿಸಬೇಕು ಎಂದರು. ಅಷ್ಟೇ ಅಲ್ಲ, 1880ರ ದಶಕದಲ್ಲಿ ರೈಲು ಗೋವೆಯ ಮುರ್ಮಗೋವಾಕ್ಕೆ ಬಂತು, ಕಾರವಾರಕ್ಕೆ ಬರಲಿಲ್ಲ. ಹಾಗಾಗಿ ಹತ್ತಿಯ ವಾದ ವರ್ಗಾವಣೆಗೆ ಕಾರಣ ಹೇಳಬಲ್ಲದು, ಬಂದರಿನ ಮುಂದಿನ ಗತಿಗೆ ಹೇಳಲಾರದು. ವಾದದ ಗಡಿಯನ್ನು ಬರೆದವರೇ ಗುರುತಿಸಬೇಕೆಂಬ ಈ ಶಿಸ್ತನ್ನು ನಾನು ಬೇರಾವ ತರಗತಿಯಲ್ಲೂ ಕಂಡಿಲ್ಲ. ಇದೊಂದಕ್ಕಾಗಿಯೇ ಶುಲ್ಕ ಕೊಡಬಹುದು.

ಅಂಕೋಲೆಯ ಉಪ್ಪಿನ ಸತ್ಯಾಗ್ರಹ ಮತ್ತು ಕರನಿರಾಕರಣೆಯ ಪಾಠವೂ ಚೆನ್ನಾಗಿತ್ತು. 1930ರ ಏಪ್ರಿಲ್ 13ರಂದು ಅಲ್ಲಿ ಉಪ್ಪಿನ ಕಾಯ್ದೆಯನ್ನು ಮುರಿದದ್ದು ಎಲ್ಲರಿಗೂ ಗೊತ್ತಿದ್ದರೂ, ಅದರ ಬೆನ್ನಿಗೇ ಜಮೀನು ಕಳೆದುಕೊಳ್ಳುವುದಕ್ಕೂ ಸಿದ್ಧರಾಗಿ ರೈತರು ಕಂದಾಯ ನಿರಾಕರಿಸಿದ್ದಕ್ಕೆ ದೇಶಾಭಿಮಾನವೊಂದೇ ಸಾಕಾದ ಉತ್ತರವೇ, ಆ ವರ್ಷಗಳ ಬೆಲೆ ಕುಸಿತವನ್ನೂ ಸೇರಿಸಬೇಕೇ ಎಂಬ ಚರ್ಚೆ ವಿದ್ಯಾರ್ಥಿಗಳನ್ನು ಹಿಡಿದಿಟ್ಟಿತು. ಹಿರಿಯರ ನೆನಪನ್ನೂ ಸರ್ಕಾರಿ ದಾಖಲೆಯನ್ನೂ ಎದುರುಬದುರು ಇಟ್ಟು, ಎರಡರಲ್ಲೂ ಹೇಳಿದವರ ಹಿತವೇನಿತ್ತು ಎಂದು ಕೇಳುವುದನ್ನು ಅಲ್ಲಿ ಕಲಿಸಿದರು.

ಕೊರತೆಗಳನ್ನೂ ಹೇಳಬೇಕು. ಜಿಲ್ಲೆಗಳ ವಿವರ ಕೊಡುವ ಸರ್ಕಾರಿ ಗ್ರಂಥಮಾಲೆಯಾದ ಮುಂಬಯಿ ಗೆಜೆಟಿಯರಿನ 1883ರ ಕೆನರಾ (ಉತ್ತರ ಕನ್ನಡ) ಸಂಪುಟದ ಮೇಲೆ ಅವಲಂಬನೆ ತೀರ ಹೆಚ್ಚು. ಅದು ಅಮೂಲ್ಯವಾದ ಗ್ರಂಥ, ಆದರೆ ಆಳುವವರು ತಮಗಾಗಿ ಬರೆಸಿದ್ದು. ಗುರುಗಳು ಉಳಿದ ದಾಖಲೆಗಳಿಗೆ ಹಾಕುವ ಪ್ರಶ್ನೆಗಳನ್ನು ಅದಕ್ಕೂ ಹಾಕಬೇಕಿತ್ತು. ಓದಲು ಕೊಡುವ ಹಾಳೆಗಳೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ ಉತ್ತರ ಬರೆಯುವವರು ಅನುವಾದದಲ್ಲೇ ಅರ್ಧ ಸಮಯ ಕಳೆಯುತ್ತಾರೆ. ಸೋಂದೆಯ, ಬನವಾಸಿಯ ಕನ್ನಡ ಶಾಸನಗಳ ಪಾಠಗಳು ಅಚ್ಚಾಗಿರುವಾಗ ಒಂದನ್ನಾದರೂ ಕೊಡದಿರುವುದು ನನಗೆ ಬೇಸರ ತಂದಿತು. ತಿದ್ದಿ ಬರೆದ ಎರಡನೆಯ ಕರಡನ್ನು ಓದಲು ಗುರುಗಳಿಗೆ ಸಮಯವಿರುವುದಿಲ್ಲ; ಕಲಿಕೆ ಗಟ್ಟಿಯಾಗುವುದು ಆ ಹಂತದಲ್ಲೇ ಆದ್ದರಿಂದ ತಂಡ ಚಿಕ್ಕದಾಗಬೇಕು. ಆಸನ, ಬೆಳಕು, ಸಮಯಪಾಲನೆಯ ವಿಷಯದಲ್ಲಿ ದೂರಿಲ್ಲ.

ಮೂರು ಗಂಟೆಯ ಪತ್ರಿಕೆಯನ್ನು ವೇಗವಾಗಿ ಮುಗಿಸುವ ಅಭ್ಯಾಸವಷ್ಟೇ ಬೇಕಾದವರಿಗೆ ಈ ತರಗತಿ ಹೊಂದಲಾರದು. ಇತಿಹಾಸವನ್ನೇ ಮುಖ್ಯ ವಿಷಯವಾಗಿ ಓದುತ್ತಿರುವ ಪದವಿ ವಿದ್ಯಾರ್ಥಿಗಳು ಎರಡನೆಯ ವರ್ಷದಲ್ಲೇ ಸೇರುವುದು ಒಳ್ಳೆಯದು. ತಾವೇ ಬರೆದ ಒಂದು ಪ್ರಬಂಧವನ್ನು ಮೊದಲ ದಿನವೇ ಕೈಯಲ್ಲಿ ಹಿಡಿದು ಹೋದರೆ ಹೆಚ್ಚು ಪ್ರಯೋಜನ.