ಫಿಶ್ ಟ್ಯಾಂಕಿಗೆ ಯಾವ ಆರ್‌ಒ? ದುರ್ಗದ ಬೋರ್ ನೀರಿನಲ್ಲಿ ನೋಡಿದ್ದು

ಗಪ್ಪಿ, ಮೊಲ್ಲಿ ಮಾತ್ರ ಸಾಕುವವರು ಈ ಗೋಜಿಗೇ ಹೋಗಬೇಡಿ. ಅವಕ್ಕೆ ಗಡಸು ನೀರೇ ಇಷ್ಟ. ತಲೆನೋವು ಶುರುವಾಗುವುದು ಮೆದು ನೀರು ಕೇಳುವ ಏಂಜಲ್, ನಿಯಾನ್ ಟೆಟ್ರಾ ತಂದ ಮೇಲೆ. ಚಿತ್ರದುರ್ಗದ ನಮ್ಮ ಮನೆಯ ಬೋರ್ ನೀರಿನ ಟಿಡಿಎಸ್ (ಕರಗಿರುವ ಉಪ್ಪು, ಖನಿಜಗಳ ಲೆಕ್ಕ) 900ರ ಆಸುಪಾಸು. ಶಾಂತಿಸಾಗರ, ವಾಣಿವಿಲಾಸ ಸಾಗರದಿಂದ ಬರುವ ನಲ್ಲಿ ನೀರು ಎಷ್ಟೋ ವಾಸಿ. ಆದರೆ ಅದು ಬಂದರೂ ಸಂಪಿನಲ್ಲಿ ಬೋರ್ ನೀರಿನ ಜೊತೆ ಸೇರಿಬಿಡುತ್ತದೆ. ಇವತ್ತು ಒಂದು ಲೆಕ್ಕ, ನಾಳೆ ಇನ್ನೊಂದು. ಮೀನಿಗೆ ಆಗಿಬರದೇ ಇರುವುದು ಈ ಏರುಪೇರೇ.

ಮೊದಲು ನೋಡಿದ್ದು ಅಡುಗೆಮನೆಯ ಆರ್‌ಒ. ಹೇಗೂ ಮನೆಯಲ್ಲಿದೆ, ಸುಮ್ನೆ ಖರ್ಚೇಕೆ ಅಲ್ವಾ? ಟಿಡಿಎಸ್ 90 ತೋರಿಸಿತು. ಆದರೆ ಕುಡಿಯುವ ನೀರಿನ ಮಷಿನ್‌ಗಳಲ್ಲಿ ರುಚಿಗೆಂದು ಮಿನರಲ್ ಕಾರ್ಟ್ರಿಜ್ ಇರುತ್ತದೆ, ಇಲ್ಲವೇ ಸ್ವಲ್ಪ ಕಚ್ಚಾ ನೀರನ್ನು ಬೆರೆಸುವ ತಿರುಪು ಇರುತ್ತದೆ. ಈಗ ಕಾಪರ್ ಕಾರ್ಟ್ರಿಜ್ ಇರುವವೂ ಜಾಸ್ತಿ. ಶ್ರಿಂಪ್, ಬಸವನಹುಳು ಇದ್ದರೆ ಅದರ ನೀರು ಬೇಡವೇ ಬೇಡ, ತಾಮ್ರ ಅವಕ್ಕೆ ವಿಷ. ಮೇಲಾಗಿ 100 ಲೀಟರ್ ಟ್ಯಾಂಕಿನ ಕಾಲು ಭಾಗ ನೀರು ಬದಲಿಸಿದರೂ 25 ಲೀಟರ್ ಬೇಕು. ಭಾನುವಾರ ಬೆಳಿಗ್ಗೆ ಸಾರಿಗೆ ನೀರಿಲ್ಲ ಅಂದರೆ ಬೈಗುಳ ಯಾರಿಗೆ?

ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಎರಡನೆಯದು. ಅಗ್ಗವೆಂದರೆ ಇದೇ. ಚಿಕ್ಕ ಟ್ಯಾಂಕಿಗೆ ಸಾಕು. ಆದರೆ ಟಿಡಿಎಸ್ ಒಂದು ಸಲ 40, ಇನ್ನೊಂದು ಸಲ 150. ಅಲ್ಲಿನ ಫಿಲ್ಟರ್ ಯಾವಾಗ ಬದಲಿಸುತ್ತಾರೋ ನಮಗೆ ತಿಳಿಯುವುದಿಲ್ಲ. ಪ್ರತಿ ಕ್ಯಾನಿಗೂ ಟಿಡಿಎಸ್ ಮೀಟರ್ ಅದ್ದಿ ನೋಡುವ ತಾಳ್ಮೆ ಇದ್ದರೆ ತನ್ನಿ.

ನಾನು ಉಳಿಸಿಕೊಂಡದ್ದು ಅಕ್ವೇರಿಯಂಗೆಂದೇ ಬರುವ ಸಾದಾ ಸೆಟ್. ಕೆಸರು ಹಿಡಿಯುವ ಸೆಡಿಮೆಂಟ್ ಫಿಲ್ಟರ್, ಕಾರ್ಬನ್ ಫಿಲ್ಟರ್, ಉಪ್ಪು ತಡೆಯುವ ಮೆಂಬ್ರೇನ್, ಅಷ್ಟೇ. ಬೂಸ್ಟರ್ ಪಂಪ್ ಮಾತ್ರ ಬಿಡಬೇಡಿ. ಹತ್ತಡಿ ಎತ್ತರದ ಟ್ಯಾಂಕಿನಿಂದ ಸಿಗುವ ಒತ್ತಡ 4 ಪಿಎಸ್‌ಐ ಚಿಲ್ಲರೆ, ಮೆಂಬ್ರೇನಿಗೆ ಬೇಕಾದದ್ದು 50–60. ಪಂಪ್ ಇಲ್ಲದಿದ್ದರೆ ನೀರು ತೊಟ್ಟಿಕ್ಕುತ್ತದೆ, ಟಿಡಿಎಸ್ ಕೂಡ ಇಳಿಯುವುದಿಲ್ಲ. ಪಂಪ್ ಇದ್ದಾಗ ನಮ್ಮಲ್ಲಿ 35. ಉಳಿದ ಚೂರುಪಾರು ಉಪ್ಪನ್ನೂ ತೆಗೆಯುವ ಡಿಐ ರೆಸಿನ್ ಸಮುದ್ರದ ಮೀನು ಸಾಕುವವರಿಗೆ, ನಮಗೆ ದಂಡ. ಬಾತ್‌ರೂಮಿಗೆ ಹಾಕುವ ಸಾಫ್ಟ್‌ನರ್ ಕೂಡ ಅಷ್ಟೇ. ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಟಿಡಿಎಸ್ ಇದ್ದಲ್ಲೇ ಇರುತ್ತದೆ.

ಆರ್‌ಒ ಸೆಟ್‌ನ ಕೆಟ್ಟ ಗುಣ ವೇಸ್ಟ್ ನೀರು. ಒಂದು ಬಕೆಟ್ ಒಳ್ಳೆಯದಕ್ಕೆ ಎರಡು ಮೂರು ಬಕೆಟ್ ಪೈಪಿನಲ್ಲಿ ಹೋಗುತ್ತದೆ. ದುರ್ಗದಂಥ ಊರಲ್ಲಿ ಹೊಟ್ಟೆ ಉರಿಯುತ್ತದೆ. ನಮ್ಮಲ್ಲಿ ಅದು ಅಂಗಳಕ್ಕೆ, ಟಾಯ್ಲೆಟ್‌ಗೆ. ಗಿಡಕ್ಕೆ ಬೇಡ, ಉಪ್ಪು ಜಾಸ್ತಿ.

ಆರ್‌ಒ ನೀರನ್ನು ಹಾಗೇ ಸುರಿಯಬಾರದು. ಅದರಲ್ಲಿ ಕೆಎಚ್ (ಪಿಎಚ್ ಬೀಳದಂತೆ ಹಿಡಿದಿಡುವ ಕಾರ್ಬೊನೇಟ್ ಅಂಶ) ಇಲ್ಲದಂತೆಯೇ, ಪಿಎಚ್ ದಿಢೀರನೆ ಬೀಳಬಹುದು. ನಾಲ್ಕು ಬಕೆಟ್ ಆರ್‌ಒಗೆ ಒಂದು ಬಕೆಟ್ ಬೋರ್ ನೀರು ಬೆರೆಸಿದರೆ ಟಿಡಿಎಸ್ 210ರ ಹತ್ತಿರ ಬರುತ್ತದೆ, ಏಂಜಲ್‌ಗೆ ಹದವಾಗಿರುತ್ತದೆ. ಬೇಸಿಗೆಯಲ್ಲಿ ಈ ಊರಿನ ಒಣಗಾಳಿಗೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ, ಗಾಜಿನ ಮೇಲೆ ಬಿಳಿ ಗೆರೆ ಕಟ್ಟುತ್ತದೆ. ಕಮ್ಮಿಯಾದಷ್ಟನ್ನು ಬರೀ ಆರ್‌ಒ ನೀರಿನಿಂದ ತುಂಬಿಸಿ, ಬೆರಕೆ ನೀರು ಬೇಡ.

ಮೀಟರ್ ಅದ್ದುವಾಗ ಒಳಗೆ ಹೋಗುವ ನೀರು, ಹೊರಗೆ ಬರುವ ನೀರು ಎರಡನ್ನೂ ನೋಡಿ. ಬೇಸಿಗೆಯಲ್ಲಿ ಬೋರ್ ನೀರೇ 1100 ಆದರೆ ಹೊರಗಿನದೂ ಏರುತ್ತದೆ, ಅದು ಮೆಂಬ್ರೇನಿನ ತಪ್ಪಲ್ಲ. ಹೊರಗಿನದು ಒಳಗಿನದರ ಹತ್ತನೇ ಒಂದು ಭಾಗ ದಾಟಿದರೆ ಬದಲಿಸುವ ಕಾಲ ಬಂತು ಅಂತ. ಆನ್ ಮಾಡಿದ ಕೂಡಲೇ ಬರುವ ನೀರಿನ ಟಿಡಿಎಸ್ ಯಾವಾಗಲೂ ಜಾಸ್ತಿ, ಅದನ್ನು ಚೆಲ್ಲಿ ಆಮೇಲೆ ಅಳೆಯಿರಿ. ಅಮೋನಿಯಾ, ಕ್ಲೋರಿನ್ ಈ ಮೀಟರಿನಲ್ಲಿ ಗೊತ್ತಾಗುವುದಿಲ್ಲ, ಅವಕ್ಕೆ ಬೇರೆ ಟೆಸ್ಟ್ ಕಿಟ್ ಕೊಳ್ಳಬೇಕು.