ಬೆಂಗಳೂರಿನ ಹೆಬ್ಬಾಳದ ಜಾಮನ್ನು ಕಂಪ್ಯೂಟರ್‌ನ ಸುಮೋದಲ್ಲಿ ಓಡಿಸಿ ನೋಡಿದೆ: ಸಾಫ್ಟ್‌ವೇರ್ ಬಿಟ್ಟಿ, ಸೆಟ್ಟಿಂಗ್ ಮಾತ್ರ ಹಾಗೇ ಬಿಡಬೇಡಿ

ಟ್ರಾಫಿಕ್ ಎಲ್ಲಿ, ಯಾಕೆ ಕಟ್ಟಿಕೊಳ್ಳುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡುವ ಹುಚ್ಚಿದ್ದವರಿಗೆ ಸುಮೋ (SUMO) ಹೇಳಿ ಮಾಡಿಸಿದ್ದು. ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್‌ನವರು 2001ರಿಂದ ಬಿಡುತ್ತಿರುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಕನ್ಸಲ್ಟೆಂಟ್‌ಗಳು ಬಳಸುವ ವಿಸ್ಸಿಮ್ ಅನ್ನುವ ಇಂಥದ್ದೇ ಸಾಫ್ಟ್‌ವೇರ್‌ಗೆ ಲೈಸೆನ್ಸ್ ಕೊಳ್ಳಬೇಕು, ಇದಕ್ಕೆ ಒಂದು ಪೈಸೆ ಬೇಡ. ಮಾಮೂಲಿ ಲ್ಯಾಪ್‌ಟಾಪ್ ಸಾಕು.

ಶುರು ಮಾಡುವುದು ಸುಲಭ. ಸುಮೋ ತೋರಿಸುವ ಓಪನ್ ಸ್ಟ್ರೀಟ್ ಮ್ಯಾಪ್ ಅನ್ನುವ ಬಿಟ್ಟಿ ನಕ್ಷೆಯಲ್ಲಿ ಹೆಬ್ಬಾಳದ ಸುತ್ತ ಒಂದು ಚೌಕ ಎಳೆದು ಬಟನ್ ಒತ್ತಿದರೆ ಫ್ಲೈಓವರ್, ಸರ್ವಿಸ್ ರೋಡ್, ಸಿಗ್ನಲ್ ಎಲ್ಲ ಬಂದು ಗಾಡಿಗಳು ಓಡತೊಡಗುತ್ತವೆ. ನೋಡಲು ಖುಷಿ. ಆದರೆ ಆ ಗಾಡಿಗಳು ಸುಮ್ನೆ ಎಲ್ಲಿಂದೆಲ್ಲಿಗೋ ಹೋಗುವಂಥವು! ಸಿಗ್ನಲ್ ಎಲ್ಲಿದೆ ಅನ್ನುವುದು ಮ್ಯಾಪ್‌ನಲ್ಲಿರುತ್ತದೆ, ಟೈಮಿಂಗ್ ಇರುವುದಿಲ್ಲ. ಹಾಗಾಗಿ ಸುಮೋ ತಾನೇ 90 ಸೆಕೆಂಡಿನ ಸೈಕಲ್, ಅಂದರೆ ಹಸಿರು-ಹಳದಿ-ಕೆಂಪಿನ ಒಂದು ಪೂರ್ತಿ ಸುತ್ತು, ಹಾಕಿಕೊಳ್ಳುತ್ತದೆ. ನಿಜವಾದ ಲೆಕ್ಕ ಬೇಕೆಂದರೆ ಸ್ಕೈವಾಕ್ ಮೇಲೆ ನಿಂತು ಮೊಬೈಲ್‌ನಲ್ಲಿ ವಿಡಿಯೋ ಮಾಡಿ, ಬೈಕು ಎಷ್ಟು, ಆಟೋ ಎಷ್ಟು, ಬಸ್ಸು ಎಷ್ಟು ಅಂತ ಕಾಲು ಗಂಟೆಗೊಮ್ಮೆ ಬೇರೆ ಬೇರೆ ಎಣಿಸಬೇಕು. ಬೋರಿಂಗ್ ಕೆಲಸ. ಅದನ್ನು ಬಿಟ್ಟರೆ ಉಳಿಯುವುದು ವಿಡಿಯೋ ಗೇಮ್ ಅಷ್ಟೇ.

ಇನ್ನು ಲೇನ್ ವಿಷಯ. ಡೀಫಾಲ್ಟ್‌ನಲ್ಲಿ, ಅಂದರೆ ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ, ಬೈಕು ಕಾರಿನ ಹಿಂದೆ 2.5 ಮೀಟರ್ ಜಾಗ ಬಿಟ್ಟು ಶಿಸ್ತಾಗಿ ನಿಲ್ಲುತ್ತದೆ. ನಮ್ಮೂರಲ್ಲಿ ಯಾರು ಸ್ವಾಮಿ ಅಷ್ಟು ಜಾಗ ಬಿಡುವವರು? ಲೇನನ್ನು ಉದ್ದುದ್ದ ಪಟ್ಟಿಗಳಾಗಿ ಸೀಳುವ ಲ್ಯಾಟರಲ್ ರೆಸಲ್ಯೂಷನ್ ಅನ್ನುವುದನ್ನು 0.4 ಮೀಟರ್‌ಗೆ ಇಟ್ಟು, ಅಡ್ಡ ನುಗ್ಗುವ ಬುದ್ಧಿಗೆಂದೇ ಇರುವ 'ಪುಶಿ' ಅನ್ನುವ ಸೆಟ್ಟಿಂಗ್ ಏರಿಸಿದ ಮೇಲೆ ಬೈಕುಗಳು ಸಂದಿಯಲ್ಲಿ ತೂರಿ ಸಿಗ್ನಲ್ ಮುಂದೆ ಬಂದು ನಿಂತವು. ಓಡುವುದು ಸ್ವಲ್ಪ ನಿಧಾನವಾಗುತ್ತದೆ, ಪರವಾಗಿಲ್ಲ.

ನನಗೆ ಸಿಟ್ಟು ಬಂದದ್ದು ಟೆಲಿಪೋರ್ಟ್ ಮೇಲೆ. ಒಂದು ಗಾಡಿ 300 ಸೆಕೆಂಡ್ ಅಲ್ಲಾಡದೆ ನಿಂತರೆ ಸುಮೋ ಅದನ್ನು ಮಾಯ ಮಾಡಿ ಮುಂದಿನ ರಸ್ತೆಯಲ್ಲಿ ಇಳಿಸುತ್ತದೆ. ಜಾಮ್ ಜಾಸ್ತಿಯಾದಷ್ಟೂ ಫಲಿತಾಂಶ ಚೆಂದ ಕಾಣುತ್ತದೆ, ಹೇಗಿದೆ ನೋಡಿ! ಆ 300ರ ಜಾಗದಲ್ಲಿ -1 ಕೊಟ್ಟು ಮೊದಲು ಇದನ್ನು ಆಫ್ ಮಾಡಿ. ಯಾರಾದರೂ ಮಾಡೆಲ್ ತೋರಿಸಿದರೆ ಎಷ್ಟು ಗಾಡಿ ಟೆಲಿಪೋರ್ಟ್ ಆದವು ಅಂತಲೇ ಕೇಳಿ.

ಇಷ್ಟೆಲ್ಲ ಸರಿ ಮಾಡಿಕೊಂಡರೆ ಇದರ ತಾಕತ್ತು ಗೊತ್ತಾಗುತ್ತದೆ. ಏರ್‌ಪೋರ್ಟ್ ಕಡೆಯಿಂದ ಬರುವ ಅಗಲವಾದ ರಸ್ತೆ ಫ್ಲೈಓವರ್ ಹತ್ತುವಲ್ಲಿ ಕಿರಿದಾಗುತ್ತದೆ ಅಲ್ವಾ, ಅಲ್ಲಿಗೆ ಮುಂಚೆ ಒಂದು ಲೇನ್ ಸೇರಿಸಿ ನೋಡಿದೆ. ಸಾಲು ಗಿಡ್ಡವಾಯಿತು, ದಪ್ಪವಾಯಿತು. ಗಂಟೆಗೆ ದಾಟುವ ಗಾಡಿ ಮಾತ್ರ ಮೊದಲಿನಷ್ಟೇ. ಆ ಲೇನ್ ತೆಗೆದು, ಗಾಡಿಗಳು ಸೇರುವ ಜಾಗದಲ್ಲಿದ್ದ ಬಸ್ ಸ್ಟಾಪನ್ನು ಸ್ವಲ್ಪ ಆಚೆ ಸರಿಸಿದೆ. ಬಸ್ಸು ಅಡ್ಡ ನಿಲ್ಲುವುದು ತಪ್ಪಿ, ದಾಟುವ ಗಾಡಿ ಕಣ್ಣಿಗೆ ಕಾಣುವಷ್ಟು ಹೆಚ್ಚಿದವು. ಒಂದೇ ಸಲ ಓಡಿಸಿ ನಂಬಬೇಡಿ, ಸೀಡ್ (ಗಾಡಿಗಳ ಯಾದೃಚ್ಛಿಕ ಏರುಪೇರು ಹುಟ್ಟಿಸುವ ಸಂಖ್ಯೆ) ಬದಲಿಸಿ ಹತ್ತಾರು ಸಲ ಓಡಿಸಿ.

ಒಂದು ಕೊರತೆ ಇದೆ. ಗುಂಡಿಗೂ, ಮಳೆಗೆ ನಿಲ್ಲುವ ನೀರಿಗೂ ರೆಡಿ ಬಟನ್ ಇಲ್ಲ. ಸದ್ಯಕ್ಕೆ ಆ ತುಂಡು ರಸ್ತೆಯ ವೇಗದ ಮಿತಿ ಇಳಿಸಿ ಕೆಲಸ ಸಾಗಿಸುತ್ತಿದ್ದೇನೆ.